ಚುಕ್ಕಿಮನೆಯ ಟ್ಯೂಬ್‌ಲೈಟುಗಳು

ಗುಂಡ್ಲುಪೇಟೆಯ ಗಂಗಾಧರಸ್ವಾಮಿಯವರು ಲೈಟು ಹಾಕಿದ ಫಂಕ್ಷನ್ನಿನಲ್ಲಿ ಕರೆಂಟ್ ಹೋಯಿತು ಎಂಬ ಮಾತನ್ನು ಆ ಸೀಮೆಯಲ್ಲಿ ಯಾರೂ ಕೇಳಿದವರಿಲ್ಲ. ಮದುವೆಯಿರಲಿ, ಬೀಗರ ಊಟವಿರಲಿ, ಗೃಹಪ್ರವೇಶವಿರಲಿ, 'ಗಂಗಾ ಲೈಟಿಂಗ್ಸ್' ಬಂತೆಂದರೆ ಮನೆಯವರಿಗೆ ಒಂದು ಚಿಂತೆ ಕಳೆದಂತೆ. ಊರಿಗೆ ಊರೇ ಕತ್ತಲಾದರೂ ಅವರ ಸೀರಿಯಲ್ ಸೆಟ್ಟು ರೆಪ್ಪೆ ಬಡಿಯುವಷ್ಟರಲ್ಲಿ ಜನರೇಟರಿಗೆ ಹಾರಿಕೊಂಡು ಮತ್ತೆ ಮಿನುಗತೊಡಗುತ್ತಿತ್ತು. ತೆರಕಣಾಂಬಿಯ ಶಶಿಕುಮಾರನದೂ ಇದೇ ವ್ಯಾಪಾರ. ಪಾಪ, ಅವನು ಲೈಟು ಹಾಕಿದ್ದ ಮದುವೆಯೊಂದರಲ್ಲಿ ಮುಹೂರ್ತದ ಹೊತ್ತಿಗೇ ಎಲ್ಲ ಆರಿಹೋಗಿ, ಗಂಡು ತಾಳಿ ಹಿಡಿದುಕೊಂಡು ಕತ್ತಲಲ್ಲಿ ಹೆಣ್ಣಿನ ಕೊರಳು ತಡಕಾಡಿದ್ದ. ಅಲ್ಲಿಂದಾಚೆಗೆ ಗಂಗಾಧರಸ್ವಾಮಿಯವರು ಶಶಿಕುಮಾರನನ್ನು ಎಲ್ಲಿ ಕಂಡರೂ, "ಏನ್ಲಾ ಶಶಿ, ಬ್ಯಾಟ್ರಿ ಬೇಕೇನ್ಲಾ?" ಎಂದು ಕೇಳದೆ ಮುಂದೆ ಹೋದವರಲ್ಲ.

"ನಿಮ್ಗೂ ಒಂದಿನ ಬತ್ತದ ಬುಡಿ ಸ್ವಾಮ್ಯೋರೆ," ಎನ್ನುತ್ತಿದ್ದ ಅವನು, ಹಲ್ಲು ಕಚ್ಚಿಕೊಂಡು.

ಇಂಥ ಬೆಳಕಿನ ಮನುಷ್ಯ, ಕತ್ತಲೆಯನ್ನೇ ನಂಬಿ ಬದುಕುವ ಚುಕ್ಕಿಮನೆಗೆ ದಾನಿಗಳನ್ನು ಹುಡುಕುವವರಾದದ್ದು ಹೇಗೆ ಎಂದರೆ, ಅದು ಶಿವರಂಜನಿಯವರ ಕೆಲಸ.

ತೆರಕಣಾಂಬಿ ದಾಟಿ ಚಾಮರಾಜನಗರದ ದಾರಿಯಲ್ಲಿ ಬಿಳಿಕಲ್ಲುಗುಡ್ಡ ಅಂತ ಒಂದಿದೆ. ಅದರ ನೆತ್ತಿಯ ಮೇಲೆ ಸುಣ್ಣ ಬಳಿದ ಗಡಿಗೆಯನ್ನು ಬೋರಲು ಹಾಕಿದಂಥ ಗುಮ್ಮಟ. ಬೋರ್ಡಿನಲ್ಲಿ ಖಗೋಳ ವೀಕ್ಷಣಾಲಯ ಎಂದಿದ್ದರೂ ಸುತ್ತಲ ಜನರ ಬಾಯಲ್ಲಿ ಅದು ಚುಕ್ಕಿಮನೆ. ಸರ್ಕಾರದ್ದಲ್ಲ, ಯಾರ ಲಾಭಕ್ಕೂ ಅಲ್ಲ, ಒಂದು ಟ್ರಸ್ಟು ನಡೆಸುವಂಥದ್ದು. ಕುದೇರಿನ ಶಿವರಂಜನಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು, ಅದನ್ನು ಬಿಟ್ಟು ಗುಡ್ಡ ಹತ್ತಿ ಇದನ್ನೇ ಮನೆ ಮಾಡಿಕೊಂಡಿದ್ದರು. ಬಂಡೀಪುರಕ್ಕೆ ಹುಲಿ ನೋಡಲು ಬಂದು ರೆಸಾರ್ಟಿನಲ್ಲಿ ತಂಗುವವರು ಸಂಜೆ ಇಲ್ಲಿಗೆ ಬಂದು, ಟಿಕೆಟ್ ತೆಗೆದುಕೊಂಡು, ಚಂದ್ರನ ಗುಳಿಯನ್ನೋ ಶನಿಯ ಬಳೆಯನ್ನೋ ನೋಡಿ ಹೋಗುತ್ತಾರೆ. ಆ ದುಡ್ಡಿನಿಂದಲೇ ಹಳ್ಳಿಯ ಶಾಲೆ ಮಕ್ಕಳಿಗೆ ಬಸ್ಸು, ಬಾಳೆಲೆಯಲ್ಲಿ ಉಪ್ಪಿಟ್ಟು, ಪುಕ್ಕಟೆ ನಕ್ಷತ್ರ. ಹುಲಿ ಕಾಣದವರ ದುಡ್ಡಿನಲ್ಲಿ ಮಕ್ಕಳು ಗುರುಗ್ರಹ ಕಾಣುತ್ತಾರೆ ಎಂದು ಶಿವರಂಜನಿ ನಗುತ್ತಿದ್ದರು. ಸಂಶೋಧನೆಗೆ ಮಾತ್ರ ದಾನಿಗಳೇ ಗತಿ. "ನೋಡೋದಕ್ಕೆ ಜನ ಟಿಕೆಟ್ ತಗೋತಾರೆ ಸ್ವಾಮಿಯವರೇ, ನಾವು ಕೂತು ಅಳೆಯೋದಕ್ಕೆ ಯಾರು ತಗೋತಾರೆ?"

ಗುಮ್ಮಟ ತಿರುಗಿಸುವ ಮೋಟರಿಗೆ ವೈರಿಂಗ್ ಮಾಡಲು ಹೋಗಿದ್ದವರು ಗಂಗಾಧರಸ್ವಾಮಿ. ಕೆಲಸ ಮುಗಿಯುವಷ್ಟರಲ್ಲಿ ಅವರ ಮಾತು ಕೇಳಿ ಕೇಳಿ, ಈ ಮನುಷ್ಯನಿಗೆ ಗೊತ್ತಿಲ್ಲದ ಮನೆ ಎರಡು ತಾಲ್ಲೂಕಿನಲ್ಲಿ ಇಲ್ಲ ಎಂದು ಶಿವರಂಜನಿಗೆ ಗೊತ್ತಾಯಿತು, ಅವರನ್ನು ಟ್ರಸ್ಟಿಗೆ ಸೇರಿಸಿಕೊಂಡರು. ಸ್ವಾಮಿಯವರು ಗುಡ್ಡಕ್ಕೆ ಬರುತ್ತಿದ್ದುದು ಮಾತ್ರ ಹಗಲು ಹೊತ್ತಿನಲ್ಲಿ. ಸಂಜೆಯಾದರೆ ಎಲ್ಲೋ ಒಂದು ಕಡೆ ಲೈಟು ಹಾಕಬೇಕಲ್ಲ. ಗುಮ್ಮಟದೊಳಗೆ ಕೆಂಪು ಬಲ್ಬೇ ಬೇಕೆಂದು ಮೇಡಂ ಹೇಳಿದಾಗಲೂ, 'ಅವ್ರಿಗ ಕೆಂಪು ಇಷ್ಟವೇನೋ' ಎಂದುಕೊಂಡು ಹಾಕಿ ಬಂದಿದ್ದರು. ಯೋಚಿಸಿದರೆ, ಅವರು ತಲೆಯೆತ್ತಿ ಆಕಾಶ ನೋಡಿ ಎಷ್ಟೋ ಕಾಲವಾಗಿತ್ತು. ನೋಡಿದಾಗೆಲ್ಲ ಕಂಡದ್ದು ತಾವೇ ಕಟ್ಟಿದ ಸೀರಿಯಲ್ ಸೆಟ್ಟು.

ಈ ವರ್ಷ ಮಳೆಗಾಲ ಮುಗಿಯುತ್ತಲೇ ದೂರದರ್ಶಕದ ಕ್ಯಾಮೆರಾ ಸತ್ತಿತು. ಒಂದು ಜೋಡಿ ನಕ್ಷತ್ರದ ಬೆಳಕನ್ನು ಶಿವರಂಜನಿ ಏಳು ವರ್ಷದಿಂದ ಬಿಡದೆ ಅಳೆಯುತ್ತಿದ್ದರು. ಈ ಚಳಿಗಾಲ ಅಳೆಯದಿದ್ದರೆ ಆ ಸರಣಿ ಅಲ್ಲಿಗೇ ತುಂಡಾಗುತ್ತದೆ. ಹೊಸ ಕ್ಯಾಮೆರಾಕ್ಕೆ ಬೆಂಗಳೂರಿನ ಒಂದು ಸಂಸ್ಥೆ ಅರ್ಧ ಕೊಡಲು ಒಪ್ಪಿತ್ತು, ಉಳಿದರ್ಧ ಊರಿನಿಂದಲೇ ಎದ್ದರೆ ಮಾತ್ರ ಎಂಬ ಕರಾರಿನ ಮೇಲೆ. "ಎತ್ತೋದು ನನ್ಗ ಬುಡಿ ಮೇಡಂ," ಎಂದು ಗಂಗಾಧರಸ್ವಾಮಿ ಟಿವಿಎಸ್ ಹತ್ತಿದರು.

ಮೊದಲು ಹೋದದ್ದು ಚಂದ್ರಮತಿಯ ಹೊಲಕ್ಕೆ. ಊಟಿ ರಸ್ತೆಯಂಚಿನಲ್ಲಿ ಚೆಂಡುಹೂವು, ಸೂರ್ಯಕಾಂತಿ ಬೆಳೆದು, ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಕೇರಳದವರ ಹತ್ತಿರ ತಲೆಗಿಷ್ಟು ಅಂತ ಈಸಿಕೊಳ್ಳುವ ಹೆಂಗಸು.

"ಹೂವಿನ್ ಮುಂದ ನಿಂತ್ಕಂಡ್ರೇ ನಾನ್ ಕಾಸ್ ಈಸ್ಕತೀನಿ. ಚುಕ್ಕಿ ತೋರ್ಸೋರ್ಗ ಕೊಡ್ದೆ ಇದ್ದೇನಾ ಸ್ವಾಮ್ಯೋರೆ?" ಎಂದಳು. ಒಂದು ಗಳಿಗೆ ಬಿಟ್ಟು, "ಅದ್ಸರಿ, ಎಸ್ರು ಎಲ್ಲಿ ಬರಸ್ತೀರಿ?"

ಸಂತೆಮರಹಳ್ಳಿಯ ಅರಿಶಿನದ ವ್ಯಾಪಾರಿ, ಬಿಳಿಕಲ್ಲುಗುಡ್ಡದ ಬುಡದಲ್ಲೂ ಒಂದು ಗೋಡೌನು ಇಟ್ಟಿದ್ದ ನಂಜಯ್ಯ ಇನ್ನೂ ನೇರ. ಎಲ್ಲರಿಗಿಂತ ದೊಡ್ಡ ಪಾಲು ಅವನಿಂದಲೇ ಬರಬೇಕಿತ್ತು. "ಗುಡಿಗ ಫ್ಯಾನ್ ಕೊಟ್ಟೆ, ರೆಕ್ಕೆ ಮ್ಯಾಲ ನನ್ನೆಸ್ರದ. ತಿರುಗ್ವಾಗ ಕಾಣಲ್ಲ ಅಂತ ಪೂಜಾರಿಗ ಹೇಳಿ ಆಗಾಗ ನಿಲ್ಲುಸ್ತೀನಿ. ಬಸ್‌ಸ್ಟ್ಯಾಂಡಿಗ ಕಲ್ಬೆಂಚ್ ಕೊಟ್ಟೆ, ಒರಗುದ್ರ ಬೆನ್ನಿಗ ನನ್ನೆಸ್ರು ಒತ್ತದ. ನಿಮ್ ಚುಕ್ಕಿಮನೇಲಿ ಎಲ್ ಬರಸ್ತೀರಿ ಯೋಳಿ. ಅಲ್ ಬಂದು ನೋಡ್ಬುಟ್ಟೇ ಕೊಡದು."

ಹೋದ ಕಡೆಯೆಲ್ಲ ಇದೇ ಪ್ರಶ್ನೆ. ಗಂಗಾಧರಸ್ವಾಮಿಗೆ ಉತ್ತರ ಹೊಳೆಯಲು ತಡವಾಗಲಿಲ್ಲ. ಆ ಕಡೆಯ ಯಾವ ಗುಡಿಗೇ ಹೋಗಿ, ಟ್ಯೂಬ್‌ಲೈಟಿನ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು, ಅವರಪ್ಪನ ಹೆಸರು, ಊರು, 'ಭಕ್ತಿಪೂರ್ವಕ ಕಾಣಿಕೆ' ಎಲ್ಲ ಇರುತ್ತದೆ. ಕೆಲವು ಕಡೆ ಅಕ್ಷರ ಎಷ್ಟೆಂದರೆ ಬೆಳಕು ಹೊರಗೆ ಬರಲು ಸಂದಿ ಹುಡುಕಬೇಕು. ಗುಡ್ಡದ ಮೆಟ್ಟಿಲಿನ ಎರಡೂ ಬದಿಗೆ ಅಂಥ ಟ್ಯೂಬ್‌ಲೈಟು ನಿಲ್ಲಿಸಿ, ದಾನಿಗಳು ತಮ್ಮ ಹೆಸರಿನ ಬೆಳಕಿನಲ್ಲೇ ನಡೆದು ಮೇಲೆ ಬರುವಂತೆ ಮಾಡಿದರೆ? ಮೇಡಂಗೆ ಹೇಳಲಿಲ್ಲ. ಅವರು ಬೆಂಗಳೂರಿಗೆ ಹೋಗಿ, ದಾನಿಗಳಿಗೆ ತೋರಿಸಲೆಂದು ಒಂದು ಕ್ಯಾಮೆರಾವನ್ನು ಎರವಲು ತರುವಷ್ಟರಲ್ಲಿ ಎಲ್ಲ ಮುಗಿಸಿ ಬೆರಗುಗೊಳಿಸಬೇಕು. ಹೆಸರುಗಳನ್ನು ಪೇಂಟರಿಗೂ ಕೊಡದೆ ತಾವೇ ಬರೆದರು.

ದಾನಿಗಳನ್ನು ಕರೆದಿದ್ದ ಅಮಾವಾಸ್ಯೆಯ ಸಂಜೆ. ಮಾಗಿ ಚಳಿ ಆಗಲೇ ಕಿವಿ ಹಿಡಿದಿತ್ತು. ಶಿವರಂಜನಿ ಮಧ್ಯಾಹ್ನ ಗುಡ್ಡದ ಹಿಂಬದಿಯ ಜೀಪು ದಾರಿಯಿಂದ ಬಂದವರೇ ಗುಮ್ಮಟದ ಬಾಗಿಲು ಹಾಕಿಕೊಂಡು ಕ್ಯಾಮೆರಾ ಕೂರಿಸುತ್ತಿದ್ದರು. ಕತ್ತಲು ಕವಿಯಿತು. ಕೆಳಗೆ ದಾನಿಗಳ ವ್ಯಾನು ಬಂದು ನಿಂತಿತು. ಗಂಗಾಧರಸ್ವಾಮಿ ಮೇನ್ ಸ್ವಿಚ್ ಮೇಲಕ್ಕೆತ್ತಿದರು.

ಗುಡ್ಡವೇ ಹೊತ್ತಿಕೊಂಡಂತಾಯಿತು. ಜನರೆಲ್ಲ "ಹೋ!" ಎಂದರು. ಚಂದ್ರಮತಿ ತನ್ನ ಹೆಸರಿನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು. ನಂಜಯ್ಯ ತನ್ನ ಟ್ಯೂಬ್‌ಲೈಟಿನ ಪಕ್ಕ ನಿಂತು, "ಏಯ್, 'ಅಂಡ್ ಸನ್ಸ್' ಅನ್ನದೂ ಕಾಣ್ಬೇಕು, ಹಿಂದುಕ್ ಓಗಿ ತಗಿ," ಎಂದು ಫೋಟೋ ತೆಗೆಸಿಕೊಳ್ಳುತ್ತಿದ್ದ. ಗಂಗಾಧರಸ್ವಾಮಿಯವರ ಎದೆ ಉಬ್ಬಿತು.

ಗುಮ್ಮಟದ ಬಾಗಿಲು ತೆರೆದು ಶಿವರಂಜನಿ ಹೊರಗೆ ಬಂದರು. ಬಂದವರು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು. ಬಯ್ಯಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದರು: "ತುಂಬ ಚೆನ್ನಾಗಿದೆ ಸ್ವಾಮಿಯವರೇ. ಆದ್ರೆ ಇನ್ನು ಸ್ವಲ್ಪ ಹೊತ್ತಿಗೆ ನಮ್ಮ ಜೋಡಿ ನಕ್ಷತ್ರ ಮಂಕಾಗೋಕೆ ಶುರುವಾಗುತ್ತೆ. ಇವು ಉರೀತಿದ್ರೆ ಕ್ಯಾಮೆರಾಕ್ಕೆ ಏನೇನೂ ಕಾಣಲ್ಲ."

"ಫಂಕ್ಷನ್ ಮುಗುದ್ ಮ್ಯಾಲ ಆರ್ಸ್ತೀನಿ ಮೇಡಂ."

"ಅದು ನಮಗೋಸ್ಕರ ಕಾಯಲ್ಲವಲ್ಲ." ಶಿವರಂಜನಿ ಮೆಟ್ಟಿಲಿನ ಕಡೆ ನೋಡಿದರು. "ಅವರು ಬಂದಿರೋದು ಹೆಸರು ನೋಡೋಕೆ. ಆರಿಸಿದ್ರೆ ಕೋಪ ಮಾಡ್ಕೊಂಡು ಹೋದ್ರೂ ಹೋಗ್ಬಹುದು. ಆರಿಸಿ ಅಂತಲೂ ನಾನು ಹೇಳಲಾರೆ, ಬೇಡ ಅಂತಲೂ ಹೇಳಲಾರೆ."

ಗಂಗಾಧರಸ್ವಾಮಿ ತಲೆಯೆತ್ತಿದರು. ಬೆಳಕಿನ ಮೇಲೆ ಏನೂ ಇರಲಿಲ್ಲ, ಮಸಿ ಹಿಡಿದ ಮುಚ್ಚಳ ಮುಚ್ಚಿದ ಹಾಗೆ. ಏಳು ವರ್ಷ ಈ ಹೆಣ್ಣುಮಗಳು ನೋಡಿದ್ದು ಇದರ ಆಚೆಗೆ. ಆ ಮುಚ್ಚಳ ಹಾಕಿದವರು ಯಾರು ಎಂಬುದು ಆಗ ಹೊಳೆಯಿತು. ತುಂಬಿದ ಸಭೆಯಲ್ಲಿ ಲೈಟು ಆರಿಸುವುದೆಂದರೆ, ಅವರ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾನಗೇಡಿಲ್ಲ. ನಂಜಯ್ಯ ಮುನಿಸಿಕೊಂಡು ಹೋದರೆ ಕ್ಯಾಮೆರಾವೂ ಹೋಯಿತು. ಕೈ ಸ್ವಿಚ್ಚಿನ ಮೇಲೆಯೇ ಇತ್ತು.

ಕೆಳಕ್ಕೆ ಎಳೆದುಬಿಟ್ಟರು.

"ಅಯ್ಯಯ್ಯೋ!" "ಕರೆಂಟ್ ಹೋಯ್ತು!" "ಜನರೇಟರ್ ಹಾಕ್ರಲಾ!" ನಂಜಯ್ಯನ ದನಿ ಎಲ್ಲರಿಗಿಂತ ಮೇಲೆ: "ಏನ್ ಸ್ವಾಮ್ಯೋರೆ, ನನ್ನೆಸ್ರು ಸರ್ಯಾಗಿ ನೋಡ್ಕೊಳಕೂ ಬುಡ್ನಿಲ್ವಲ್ಲ! ಇದೇನಾ ನಿಮ್ ಗಂಗಾ ಲೈಟಿಂಗ್ಸು?"

"ಒಂದ್ ಗಳಿಗೆ ನಂಜಯ್ಯನೋರೆ. ಅಲ್ಲೇ ಕುಂತ್ಕಳಿ. ಮೊಬೈಲ್ ಹಚ್ಬ್ಯಾಡಿ, ನಿಮ್ ದಮ್ಮಯ್ಯ."

ಗೊಣಗುತ್ತ ಕೂತರು. ಕತ್ತಲು ಕಣ್ಣಿಗೆ ಒಗ್ಗುತ್ತ ಬಂತು. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕಿ. ಆಮೇಲೆ ಅವುಗಳ ನಡುವೆ ಮತ್ತಷ್ಟು, ಆ ನಡುವಿನ ನಡುವೆಯೂ ಮತ್ತಷ್ಟು. ಮೂಡಲಲ್ಲಿ ಕೃತ್ತಿಕೆ ಗೊಂಚಲು ಕೈಗೆಟಕುವ ಹಾಗೆ ತೂಗುತ್ತಿತ್ತು. ಯಾರೋ ಮುಚ್ಚಳ ಸರಿಸುತ್ತ ಹೋದಂತೆ ಆಕಾಶ ಆಳ ಆಳವಾಗುತ್ತ ಹೋಯಿತು. ಕೊನೆಗೆ ಮೇಲೆ ನೋಡುತ್ತಿದ್ದೇವೋ ತಳವಿಲ್ಲದ ಬಾವಿಗೆ ಇಣುಕುತ್ತಿದ್ದೇವೋ ಗೊತ್ತಾಗದೆ ಗಂಗಾಧರಸ್ವಾಮಿ ಪಕ್ಕದ ಕಂಬ ಹಿಡಿದುಕೊಂಡರು. ಯಾರೂ ಗೊಣಗುತ್ತಿರಲಿಲ್ಲ.

ಶಿವರಂಜನಿಯ ದನಿ ಕತ್ತಲಿನಿಂದ ಬಂತು. "ನೆತ್ತಿಯಿಂದ ಸ್ವಲ್ಪ ಬಡಗಲಿಗೆ ನೋಡಿ. ಬೂದಿ ಬೆರಳಲ್ಲಿ ಒರೆಸಿದ ಹಾಗೆ ಒಂದು ಮಚ್ಚೆ ಕಾಣ್ತಾ? ಅದು ನಕ್ಷತ್ರ ಅಲ್ಲ, ಲಕ್ಷ ಕೋಟಿ ನಕ್ಷತ್ರಗಳ ಒಂದು ಊರು. ಅಲ್ಲಿಂದ ಈ ಬೆಳಕು ಹೊರಟು ಇಪ್ಪತ್ತೈದು ಲಕ್ಷ ವರ್ಷ ಆಯ್ತು. ಹೊರಟಾಗ ನಮ್ಮಂಥ ಮನುಷ್ಯರೇ ಇರಲಿಲ್ಲ. ಈಗ ತಾನೇ ನಿಮ್ಮ ಕಣ್ಣೊಳಗೆ ಬಂದು ಇಳೀತು."

ಚಂದ್ರಮತಿ ಉಸಿರು ಬಿಟ್ಟಳು. "ಅಷ್ಟ್ ದೂರದಿಂದ ಬಂದೋರ್ನ ನಾವು ಬಾಗ್ಲಲ್ಲೇ ತಡುದ್ಬುಟ್ಟಿದ್ವಲ್ಲಾ ಸ್ವಾಮ್ಯೋರೆ, ನಮ್ಮೆಸ್ರಿನ್ ಲೈಟ್ ಹಾಕಂಡು!"

ಗುಮ್ಮಟದೊಳಗೆ ಕೆಂಪು ಬಲ್ಬಿನ ಮಬ್ಬಿನಲ್ಲಿ ಎಲ್ಲರೂ ಪರದೆಯ ಸುತ್ತ ಸೇರಿದರು. ಆ ಕೆಂಪು ಯಾಕೆಂದು ಗಂಗಾಧರಸ್ವಾಮಿಗೆ ಈಗ ತಿಳಿಯಿತು, ಕತ್ತಲಿಗೆ ಪಳಗಿದ ಕಣ್ಣಿಗೆ ಅದು ಚುಚ್ಚುತ್ತಿರಲಿಲ್ಲ. ಪರದೆಯಲ್ಲಿ ಜೋಡಿ ನಕ್ಷತ್ರದ ಬೆಳಕಿನ ಅಳತೆ ಚುಕ್ಕಿಯ ಪಕ್ಕ ಚುಕ್ಕಿಯಾಗಿ ಬೀಳುತ್ತ, ಆ ಸಾಲು ಮೆಲ್ಲಗೆ ಕೆಳಗಿಳಿಯುತ್ತಿತ್ತು.

"ಅಲ್ಲೂ ಲೋ ವೋಲ್ಟೇಜಾ?" ಎಂದ ನಂಜಯ್ಯ. ಗೇಲಿ ಮಾಡಲು ಹೊರಟ ದನಿ ಅರ್ಧಕ್ಕೇ ಪಿಸುಮಾತಾಗಿತ್ತು.

"ಮಂಕಾದ ನಕ್ಷತ್ರ ಪ್ರಕಾಶಮಾನವಾದದ್ದರ ಮುಂದೆ ಬರ್ತಿದೆ. ಹೊತ್ತಿಗೆ ಸರಿಯಾಗಿ ಬರಬೇಕು. ಆದ್ರೆ ಒಂದೊಂದು ವರ್ಷ ಒಂದಿಷ್ಟು ತಡ ಮಾಡ್ತಿದೆ. ಅಲ್ಲಿ ಮೂರನೆಯದು ಏನೋ ಇದೆ, ಅದನ್ನ ಎಳೀತಿದೆ. ಇದುವರೆಗೆ ಯಾರೂ ಕಂಡಿಲ್ಲ. ಅದು ಏನು ಅಂತ ಹುಡುಕ್ತಿದೀವಿ."

"ಯಾರೂ ಅಂದ್ರ? ಫಾರಿನ್ನವ್ರೂ?"

"ಯಾರೂ."

ನಂಜಯ್ಯ ಪರದೆಯನ್ನೇ ನೋಡುತ್ತ ನಿಂತ. ಸಾಲು ತಳ ಮುಟ್ಟಿತು, ಒಂದಷ್ಟು ಹೊತ್ತು ತಳದಲ್ಲೇ ಉಳಿಯಿತು, ಆಮೇಲೆ ಒಂದು ಚುಕ್ಕಿ, ಇನ್ನೊಂದು ಚುಕ್ಕಿ, ಮತ್ತೆ ಮೇಲಕ್ಕೆ. ಅವನು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದ. ಮೆಟ್ಟಿಲಿಳಿದು, ತಡಕಾಡಿ ತನ್ನ ಟ್ಯೂಬ್‌ಲೈಟು ಹುಡುಕಿ, ಅಕ್ಷರಗಳ ಮೇಲೆ ಬೆರಳಾಡಿಸಿದ.

ಗಂಗಾಧರಸ್ವಾಮಿ ಹಿಂದೆಯೇ ಇಳಿದು ಬಂದರು. "ನಂಜಯ್ಯನೋರೆ, ತಪ್ ತಿಳ್ಕಬ್ಯಾಡಿ..."

"ಬೆಳಿಗ್ಗೆ ಅಂಗ್ಡಿತವು ಬನ್ನಿ. ಒಪ್ಕಂಡಿದ್ದು ಕೊಡ್ತೀನಿ. ಆದ್ರ ಒಂದ್ ಮಾತು." ನಂಜಯ್ಯ ಟ್ಯೂಬ್‌ಲೈಟು ತಟ್ಟಿದ. "ಇದ ಕೀಳ್ಬ್ಯಾಡಿ. ನನ್ನೆಸ್ರು ಇಲ್ಲೇ ಇರ್ಲಿ. ಆದ್ರ ಯಾವತ್ತೂ ಉರುಸ್ಕೂಡ್ದು. ಉರಿಯದೇ ಇರದೇ ನನ್ ಕಾಣಿಕೆ ಅಂತ ಬರೀರಿ ಕೆಳ್ಗ." ಸ್ವಲ್ಪ ತಡೆದು, ಗುಡ್ಡದ ಬುಡದಲ್ಲಿ ದೀಪ ಉರಿಯುತ್ತಿದ್ದ ತನ್ನ ಅರಿಶಿನದ ಗೋಡೌನಿನ ಕಡೆ ನೋಡಿದ. "ಥತ್, ಆ ಫೋಕಸ್ ಲೈಟ್ ನಂದೇ ಅಲ್ವಾ. ಅದ್ಕೂ ಒಂದ್ ಮುಸುಕ್ ಹಾಕ್ಕೊಡಿ ನಾಳಿಕ."

"ಆಗ್ಲಿ ನಂಜಯ್ಯನೋರೆ," ಎಂದರು ಗಂಗಾಧರಸ್ವಾಮಿ. ಹಾಗೇ ಬಂಡೆಯ ಮೇಲೆ ಅಂಗಾತ ಒರಗಿದರು. ಆಗಲೇ ಜೇಬಿನಲ್ಲಿ ಫೋನು ನಡುಗಿತು. ಬೆಳಕು ಹೊರಬೀಳದಂತೆ ಟವೆಲ್ಲಿನೊಳಗೆ ಸುತ್ತಿಕೊಂಡೇ ಕಿವಿಗಿಟ್ಟರು. ಶಶಿಕುಮಾರ.

"ಸ್ವಾಮ್ಯೋರೆ!" ಅವನ ಖುಷಿ ತಡೆಯುವಂತಿರಲಿಲ್ಲ. "ಇಲ್ಲಿ ಅಂಗ್ಡಿ ಮುಂದ್ಗಡಿಂದ್ಲೇ ಕಂಡ್ತು. ಗುಡ್ಡ ಜಗ್ ಅಂತ ಹತ್ಕಂಡ್ತು, ಪಕ್ ಅಂತ ಆರೋಯ್ತು. ಇನ್ನೂವ ಬಂದಿಲ್ಲ! ಏನು, ಬ್ಯಾಟ್ರಿ ಕಳುಸ್ಲಾ?"

"ಹೋಗಿದ್ದಲ್ಲ ಕಣ್ಲಾ ಶಶಿ, ನಾನೇ ತಗುದ್ದು."

"ಆಂ?"

"ನಾನೇ ತಗುದ್ದು ಅಂದೆ. ನಿನ್ನಂಗ್ಡಿ ಬೋರ್ಡೂ ಆರ್ಸ್ಬುಟ್ಟು ಒಂದ್ಸಲ ಬಯಲಿಗ ಬಂದ್ ತಲೆ ಎತ್ಲಾ."

ಆ ಕಡೆ ಶಶಿಕುಮಾರ ನಗಲು ಹೋಗಿ ನಿಲ್ಲಿಸಿದ. ಸ್ವಾಮ್ಯೋರ ದನಿಯಲ್ಲಿ ಏನು ಕೇಳಿಸಿತೋ. ಫೋನು ಇಟ್ಟಿರಲಿಲ್ಲ, ಚಪ್ಪಲಿಯ ಸದ್ದು ಕೇಳುತ್ತಿತ್ತು. ಗಂಗಾಧರಸ್ವಾಮಿ ಮೊಣಕೈ ಊರಿ ತೆರಕಣಾಂಬಿಯ ಕಡೆ ನೋಡಿದರು. ದೂರದ ದೀಪಗಳ ನಡುವೆ ಹಸಿರು ನೀಲಿ ಬಣ್ಣದಲ್ಲಿ ಮಿಣುಕುತ್ತಿದ್ದ ಒಂದು ಚುಕ್ಕಿ, ಶಶಿಯ ಅಂಗಡಿಯ ಬೋರ್ಡು, ಮೆಲ್ಲಗೆ ಆರಿತು.