ರೊಟ್ಟಿ ಬಡಿಯುವ ಸದ್ದು

ಮಗಳು ತನ್ನ ಮೇಲೆ ಹಲ್ಲು ಮಸೆಯುತ್ತಿದ್ದಾಳೆಂದು ಮರಗಮ್ಮ ತೀರ್ಮಾನಿಸಿಬಿಟ್ಟಿದ್ದಳು. ನವಿ ಮುಂಬಯಿಯ ಆಸ್ಪತ್ರೆಯಿಂದ ದಿವಾ ಸ್ಟೇಷನ್ ಬಳಿಯ ತಮ್ಮ ಒಂದೇ ಕೋಣೆಯ ಖೋಲಿಗೆ ಬಂದಾಗಿನಿಂದ ಕಾಂಚನಾ, ಅಪ್ಪ ಕೂಗಿದರೆ ಓಡುತ್ತಾಳೆ, ಅವ್ವ ಕೂಗಿದರೆ ತಿರುಗಿಯೂ ನೋಡುವುದಿಲ್ಲ. ರೈಲಿನ ಹಾರ್ನ್ ಕೇಳಿ ಕಿಟಕಿಗೆ ಹೋಗುವ ಹುಡುಗಿಗೆ ಅವ್ವನ ಕೂಗು ಮಾತ್ರ ಕೇಳಿಸುವುದಿಲ್ಲವೇ? ಇದು ಸಿಟ್ಟಲ್ಲದೆ ಮತ್ತೇನು?

ಸಿಟ್ಟಿಗೆ ಕಾರಣವೂ ಇತ್ತು. ಆರು ವರ್ಷದ ಹುಡುಗಿಯ ಹೊಟ್ಟೆಯ ಗಡ್ಡೆ ಮಾಮೂಲಿ ಕಿಮೋಗೆ ಜಗ್ಗಲಿಲ್ಲ. ಆಮೇಲೆ ಭಾರಿ ಡೋಸು ಕೊಟ್ಟರು. ಕೂದಲು ಹೋಯಿತು, ರಕ್ತ ಕಡಿಮೆಯಾಯಿತು, ತುಟಿಯಿಂದ ಗಂಟಲ ತನಕ ಹುಣ್ಣೆದ್ದು ಉಗುಳು ನುಂಗುವುದೂ ಕಷ್ಟವಾಯಿತು. ಆ ಬಾಯನ್ನು ದಿನಕ್ಕೆ ಹಲವು ಸಲ ತೊಳೆಸಬೇಕು. ಆಸ್ಪತ್ರೆಯ ಕೋಣೆಯೊಳಗೆ ಒಬ್ಬರಿಗೇ ಪ್ರವೇಶ. ಹುಡುಗಿಯ ಕೈ ಅದುಮಿ ಹಿಡಿದು ತೊಳೆಸಿದವಳು ಮರಗಮ್ಮ. ಗಾಜಿನಾಚೆ ನಿಂತು, ಮುಖ ಸೊಟ್ಟ ಮಾಡಿ ನಗಿಸಿದವನು ಗಂಡ ಮಾಪಣ್ಣ. ಒಳ್ಳೆಯವನಾಗುವುದು ಅವನಿಗೆ ಸಲೀಸು.

"ನೋಡ್ರಿ, ಅಕಿ ನನ್ನ ಮಾರಿ ಸೈತ ನೋಡವಲ್ಲಳು."

"ಹುಚ್ಚಿ, ಸಣ್ಣ ಕೂಸದು. ಮರೀತಾಳ ಬಿಡು," ಎಂದು ಮಾಪಣ್ಣ ಕೆಲಸಕ್ಕೆ ಹೊರಟ. ವಾಗ್ಳೆ ಎಸ್ಟೇಟ್‌ನ ಕಾರ್ಖಾನೆ ಸಾಲಿನಲ್ಲಿ ಟ್ರಕ್ಕಿಗೆ ಮಾಲು ತುಂಬುವ ಅವನ ದನಿ ಮೊದಲೇ ನಗಾರಿ. ಅವನು ಕೂಗಿದರೆ ಪಕ್ಕದ ಚಾಳಿನ ಮನೆಗಳೂ ಓಗೊಡುತ್ತವೆ.

ಹುಣ್ಣು ಈಗ ಮಾಯ್ದಿತ್ತು. ಮಗಳು ಅಗಿಯಲಾಗದ್ದನ್ನು ಮನೆಯಲ್ಲಿ ಯಾರೂ ತಿನ್ನಕೂಡದೆಂದು ಮರಗಮ್ಮ ಹಟ ಹಿಡಿದಿದ್ದರಿಂದ, ಕಲಬುರಗಿಯಿಂದ ಬಂದ ಈ ಸಂಸಾರದಲ್ಲಿ ತಿಂಗಳುಗಟ್ಟಲೆ ರೊಟ್ಟಿಯೇ ಇಲ್ಲ, ಬರೀ ಮೆತ್ತನೆಯ ಅನ್ನ. ಬಿಸಿಬಿಸಿ ಮಾಡಿದ್ದನ್ನು ಕೊಡಬಹುದೆಂದು ಡಾಕ್ಟರು ಹೇಳಿದ ಮೇಲೆ ಅವತ್ತು ಜೋಳದ ಹಿಟ್ಟು ನಾದಿದಳು. ಕಾಂಚನಾ ಬೆನ್ನು ಹಾಕಿ ಕೂತು ಚಿತ್ರ ಬರೆಯುತ್ತಿದ್ದಳು.

"ಕಾಂಚನಾ, ರೊಟ್ಟಿ ಮಾಡ್ಲಕತ್ತೀನಿ, ಬಾರವ್ವ!"

ಊಹೂಂ. ಮರಗಮ್ಮನಿಗೆ ಪಿತ್ತ ನೆತ್ತಿಗೇರಿತು. ಸಿಟ್ಟನ್ನೆಲ್ಲ ಅಂಗೈಗೆ ತಂದು ಹಿಟ್ಟನ್ನು ಮಣೆಯ ಮೇಲೆ ದಬದಬ ಬಡಿದಳು. ಕಾಂಚನಾ ಗಕ್ಕನೆ ತಿರುಗಿ, ಕಣ್ಣರಳಿಸಿ ನಕ್ಕಳು.

"ರೊಟ್ಟಿ!"

ಸಿಟ್ಟಾದ ಮಕ್ಕಳು ಹೀಗೆ ನಗುವುದಿಲ್ಲ. ಹುಡುಗಿ ಮತ್ತೆ ಚಿತ್ರಕ್ಕೆ ಬಾಗಿದಾಗ ಮರಗಮ್ಮ ತನ್ನ ಕೀರಲು ದನಿಯಲ್ಲಿ ಇನ್ನೊಮ್ಮೆ ಕೂಗಿದಳು. ಇಲ್ಲ. ಬಳೆ ಕುಲುಕಿದಳು. ಇಲ್ಲ. ಮಣೆ ಬಡಿದಳು. ಹುಡುಗಿ ತಿರುಗಿದಳು.

ಆಗ ನೆನಪಾಯಿತು. ಔಷಧಿ ಏನೇನು ಮಾಡೀತೆಂದು ಹೇಳುವಾಗ ಡಾಕ್ಟರು ಕೊನೆಗೆ ಕಿವಿಯನ್ನೂ ಸೇರಿಸಿದ್ದರು. ಕೀರಲು ಸದ್ದು ಕೇಳಿಸುವುದು ಮೊದಲು ನಿಲ್ಲುತ್ತದೆ, ದಪ್ಪ ಸದ್ದು ಉಳಿಯುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದಿದ್ದರು. ಜ್ವರ, ರಕ್ತ ಎಂದು ಹೆದರಿ ಕೂತವರಿಗೆ ಕಿವಿ ಎಲ್ಲಿ ನೆನಪಿರಬೇಕು? ಮಗಳಿಗೆ ತನ್ನ ಮೇಲೆ ಸಿಟ್ಟಿಲ್ಲ ಎಂದು ಮರಗಮ್ಮನಿಗೆ ಮೊದಲು ಹಾಯೆನಿಸಿತು. ಹಾಯೆನಿಸಿದ್ದಕ್ಕೇ ಹಿಟ್ಟಿನ ಕೈಯಿಂದ ಹಣೆ ಬಡಿದುಕೊಂಡಳು.

ನಾಳೆಯೇ ಆಸ್ಪತ್ರೆಗೆ ಹೋಗಬೇಕು. ಸದ್ಯ ಹೆಂಚು ಕಾದಿತ್ತು. ರೊಟ್ಟಿ ಹಾಕಿ, ಕಣ್ಣೊರೆಸಿಕೊಂಡು, ಕೂತಲ್ಲಿಂದಲೇ ಎದೆಯಾಳದ ದಪ್ಪ ದನಿ ತೆಗೆದಳು.

"ಕಾಂಚನಾ!"

ಹುಡುಗಿ ತಿರುಗಿ, ಅವ್ವ ಅಪ್ಪನ ಹಾಗೆ ಮಾತಾಡುತ್ತಿದ್ದಾಳೆಂದು ಕಿಸಕ್ಕನೆ ನಕ್ಕಳು. "ಅವ್ವಾ, ತೂ ಪಪ್ಪಾ ಜೈಸೇ ಕ್ಯೂಂ ಬೋಲ್ತಿ ಹೈ?"

"ಇನ್ಮ್ಯಾಗ ಹಿಂಗೇ," ಎಂದಳು ಮರಗಮ್ಮ, ಅದೇ ದಪ್ಪ ದನಿಯಲ್ಲಿ.