ನಫೀಸಮ್ಮ ನೀರು ಬಿಟ್ಟ ಕಾರಣ

ಬಂಟ್ವಾಳ ಪೇಟೆಯ ನಬೀಸಾಳಿಗೆ ಅತ್ತೆ ನಫೀಸಮ್ಮನಿಗೆ ಹೇಳಿ ಹೇಳಿ ಸಾಕಾಗಿತ್ತು. ಮುದುಕಿ ನೀರನ್ನೇ ಮುಟ್ಟುತ್ತಿರಲಿಲ್ಲ.

“ಮಾಮೀ, ಇದೇನು ರಂಜಾನ್ ತಿಂಗಳಾ? ಒಂದು ಗುಟುಕಾದರೂ ಕುಡಿಯಿರಿ!”

“ಬಾಯಾರಿಕೆ ಇಲ್ಲ, ಬಿಡು.”

ಮೊದಲು ಉರಿಮೂತ್ರ, ಹಿಂದೆಯೇ ಚಳಿಜ್ವರ. ಹೀಗೆಯೇ ಆದರೆ ಜೀವಕ್ಕೇ ಕಷ್ಟ, ಚೆನ್ನಾಗಿ ನೀರು ಕುಡಿಸಿ ಎಂದು ಡಾಕ್ಟರರು ಎಚ್ಚರಿಸಿದ್ದರು. ಬೆಳಿಗ್ಗೆ ನಬೀಸಾ ತಂಬಿಗೆ ತುಂಬಿಸಿಡುವುದು, ಸಂಜೆಗೂ ಅದು ತುಂಬಿದಂತೆಯೇ ಇರುವುದು. ಸಿಟ್ಟು ಬಾರದೆ ಇರುತ್ತದೆಯೇ?

ಆಸ್ಪತ್ರೆಯ ನರ್ಸ್ ಲೋಲಾಕ್ಷಿ ಮನೆಗೆ ಬಂದಾಗ ನಬೀಸಾ ದೂರು ಹೇಳಿದಳು. ಲೋಲಾಕ್ಷಿ ಮುದುಕಿಯ ಪಕ್ಕದಲ್ಲಿ ಕುಳಿತು ಕೇಳಿದಳು: “ಉಮ್ಮಾ, ಕುಡಿದರೆ ಏನಾಗ್ತದೆ?”

“ಇಳಿಯಬೇಕಾಗ್ತದಲ್ಲ ಮಗಳೇ.”

ಕಕ್ಕಸು ಅಂಗಳದಾಚೆ ಇತ್ತು. ಅಂಗಳಕ್ಕೆ ಇಳಿಯಲು ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲುಗಳು. ಹಿಂದೊಮ್ಮೆ ನೇತ್ರಾವತಿ ನದಿಯ ನೆರೆ ನುಗ್ಗಿದಾಗ ಮಗ ಅಬ್ದುಲ್ ಶುಕೂರ್ ತಾಯಿಯನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ್ದ. ಆ ಹೆದರಿಕೆಯಲ್ಲೇ ಅಡಿಪಾಯ ಎತ್ತರಿಸಿ ಮನೆ ಕಟ್ಟಿಸಿದ್ದ.

“ನಬೀಸಾ ಕೈ ಹಿಡಿಯುವುದಿಲ್ಲವಾ?”

“ಪ್ರತಿ ಸಲ ಸೊಸೆಯನ್ನು ಕರೆಯುವುದಾ? ನನಗೆ ನಾಚಿಕೆ ಇಲ್ಲವಾ?”

ನಬೀಸಾ ಮೆಟ್ಟಿಲ ಕಡೆ ತಿರುಗಿ ನೋಡಿದಳು. ಇಷ್ಟು ದಿನ ತಂಬಿಗೆಯನ್ನು ನೋಡಿದ್ದಳೇ ಹೊರತು ಮೆಟ್ಟಿಲನ್ನು ನೋಡಿರಲಿಲ್ಲ.

ಅಂಗಡಿಯಿಂದ ಊಟಕ್ಕೆ ಬಂದ ಶುಕೂರ್ ವಿಷಯ ಕೇಳಿ ಹೆಂಡತಿಯ ಮೇಲೆ ಸಿಡಿದ. “ಉಮ್ಮನಿಗಾಗಿಯೇ ಎತ್ತರಿಸಿದ್ದು ಮಾರಾಯ್ತಿ! ತಗ್ಗಿಸಿದರೆ ನೇತ್ರಾವತಿ ನಮ್ಮ ಚಾವಡಿಗೆ ಬಂದು ಕೂರ್ತಾಳೆ.”

“ನೆರೆ ಮಳೆಗಾಲದಲ್ಲಿ ಬರ್ತದೆ, ಶುಕೂರ್ ಬ್ಯಾರಿಗಳೇ. ಉಮ್ಮನಿಗೆ ಮೂತ್ರ ದಿನಾ ಬರ್ತದೆ,” ಎಂದಳು ಲೋಲಾಕ್ಷಿ. “ಮನೆ ತಗ್ಗಿಸುವುದು ಬೇಡ. ಮೆಟ್ಟಿಲನ್ನು ಅಂಗಳದ ಕಡೆ ಮುಂದಕ್ಕೆ ತನ್ನಿ, ಒಂದೊಂದೂ ಗಿಡ್ಡ, ಅಗಲ ಇರಲಿ. ಬದಿಯಲ್ಲಿ ಹಿಡಿದುಕೊಳ್ಳಲಿಕ್ಕೆ ಬಿದಿರಿನ ಗಳ. ರಾತ್ರಿ ಮೂತ್ರಕ್ಕೆ ಹೋಗಲಿಕ್ಕೆ ಹಿಂದಿನ ಜಗಲಿಯ ಮೂಲೆಗೆ ತಡಿಕೆ ಕಟ್ಟಿಸಿ ಒಂದು ಬಚ್ಚಲು ಮಾಡುವ.”

“ನಮಾಜು ಮಾಡುವ ಮನೆಯ ಜಗಲಿಯಲ್ಲಾ? ಜನ ಏನು ಹೇಳಿಯಾರು?”

ನಬೀಸಾಳಿಗೆ ತಡೆಯಲಾಗಲಿಲ್ಲ. “ಹೇಳುವವರು ಬಂದು ಮಾಮಿಯನ್ನು ಇಳಿಸ್ತಾರಾ? ಈಗ ನೀವೇ ಇಳಿಸಿ ನೋಡಿ!”

ಶುಕೂರ್ ಗೊಣಗುತ್ತ ತಾಯಿಯ ಕೈ ಹಿಡಿದ. ಮೊದಲ ಮೆಟ್ಟಿಲಿಗೆ ಕಾಲು ಚಾಚುವಷ್ಟರಲ್ಲಿ ಮುದುಕಿಯ ಉಗುರುಗಳು ಅವನ ತೋಳಿಗೆ ಚುಚ್ಚಿದವು. ನೆರೆಯ ದಿನ ಅವನ ಬೆನ್ನ ಮೇಲೆ ನಡುಗಿದ ಹಾಗೆಯೇ ಅವಳು ಈಗಲೂ ನಡುಗುತ್ತಿದ್ದಳು. ಶುಕೂರ್ ಮೆಲ್ಲನೆ ಅವಳನ್ನು ಮೇಲಕ್ಕೆ ಕರೆತಂದು ಕೂರಿಸಿ, ಕಲ್ಲು ಕಟ್ಟುವವನನ್ನು ಹುಡುಕಿಕೊಂಡು ಹೊರಟ. ಊಟ ತಣ್ಣಗಾಯಿತು.

ಮೆಟ್ಟಿಲು, ಬಚ್ಚಲಿನ ಕೆಲಸ ಮುಗಿದ ಮೇಲೆ ಗಳ ದಪ್ಪವಾಯಿತೆಂದು ನಫೀಸಮ್ಮ ತಗಾದೆ ತೆಗೆದಳು. ಆಮೇಲೆ ಅದನ್ನೇ ಹಿಡಿದು ಒಬ್ಬಳೇ ಅಂಗಳಕ್ಕೆ ಹೋಗಿ ಬಂದಳು.

“ನಬೀಸಾ, ತಂಬಿಗೆ ಖಾಲಿ. ಚಹಾ ಉಂಟಾ?”

“ಅಲ್ಲಾ! ಇನ್ನು ಚಹಾ ಮಾಡಿ ಮಾಡಿ ನನ್ನ ಕೈ ಸೋಲ್ತದೆ,” ಎನ್ನುತ್ತ ನಬೀಸಾ ಒಲೆ ಹೊತ್ತಿಸಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರೂ ನೀರು ಬಿಟ್ಟಿದ್ದಾರೆಯೇ? ಸ್ನಾನ ತಪ್ಪಿಸುತ್ತಾರೆಯೇ? ಹಟವೆಂದು ಬೈಯುವ ಮೊದಲು ಅವರ ಕೈ ಹಿಡಿದು, ಅವರು ದಿನವೂ ನಡೆಯುವ ದಾರಿಯಲ್ಲಿ ಒಮ್ಮೆ ನಡೆಯಿರಿ. ಎಲ್ಲಿ ಅವರ ಹಿಡಿತ ಬಿಗಿಯಾಗುತ್ತದೋ, ಅಲ್ಲಿ ಹಿಡಿದುಕೊಳ್ಳಲು ಏನಾದರೊಂದು ಗಟ್ಟಿಯಾಗಿ ಕಟ್ಟಿಸಿ. ಈ ಮಳೆಗಾಲ ಬರುವ ಮೊದಲೇ ಕಟ್ಟಿಸಿ.