ರಬ್ಬರ್ ಪ್ಯಾಂಟಿನ ಎರಡು ಕಾಲು

ನಾನು ಒಂದು ರಬ್ಬರ್ ಪ್ಯಾಂಟು. ಕೆಳಗೆ ಗಮ್‌ಬೂಟಿನಿಂದ ಶುರುವಾಗಿ ಮೇಲೆ ಎದೆಯವರೆಗೆ ಬರುತ್ತೇನೆ. ಜಾರದಿರಲೆಂದು ಭುಜಕ್ಕೆ ಎರಡು ಪಟ್ಟಿಗಳಿವೆ. ನನಗೆ ಎರಡು ಕಾಲು. ಕಾಲಿಗೆ ಕಾಲು ಕೂಡಿದರೆ ಅರ್ಧ ಎಂದು ಲೆಕ್ಕ ಕಲಿತವರೆಲ್ಲ ಬಲ್ಲರು. ಉಳಿದರ್ಧ ನನ್ನೊಳಗೆ ಇಳಿಯುವ ಮನುಷ್ಯ. ಅವನಿಲ್ಲದಾಗ ನಾನು ಗೂಟಕ್ಕೆ ನೇತುಬಿದ್ದ ಖಾಲಿ ಚೀಲ.

ಹುಟ್ಟಿದ್ದು ಗದಗಿನಲ್ಲಿ, ದಾವಲಸಾಬರ ಹೊಲಿಗೆ ಅಂಗಡಿಯಲ್ಲಿ. ಅದಕ್ಕೂ ಮೊದಲು ನಾನು ಬೆಳಗಾವಿಯ ದಂಡಿನಲ್ಲಿ ಸಿಪಾಯಿಗಳ ಕೆಳಗೆ ಬಿದ್ದುಕೊಳ್ಳುತ್ತಿದ್ದ ರಬ್ಬರ್ ಹಾಸು. ಹರಾಜಿನಲ್ಲಿ ಹೊರಬಿದ್ದು, ಪಲ್ಟನ್ನಿನಿಂದ ಪ್ಯಾಂಟಿಗೆ ಬಡ್ತಿ ಪಡೆದೆ.

ನನ್ನನ್ನು ಹೊಲಿಸಿದವರು ಯಶವಂತರಾವ್ ನಲವಡೆ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ದಾವಲಸಾಬರ ಬಾಲ್ಯದ ಗೆಳೆಯರು. ಆಗಿನ್ನೂ ಪರವಾನಗಿ ಇದ್ದವರು ಚಳಿಗಾಲದಲ್ಲಿ ಕೆರೆಗಿಳಿದು ಬಾತು ಹೊಡೆಯಬಹುದಿದ್ದ ಕಾಲ. ಗಾರ್ಡ್ ಸಾಹೇಬರಿಗೆ ಆ ಹುಚ್ಚು ಹಳೆಯದು. ಹೊಸದಾಗಿ ಬಂದದ್ದು ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಿನ ಹುಣ್ಣು ತಿಂಗಳುಗಟ್ಟಲೆ ಕಾಡಿ ಆಗಷ್ಟೇ ಮಾಯ್ದಿತ್ತು. ಅಂಗಾಲಿನಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಇನ್ನೊಮ್ಮೆ ಹುಣ್ಣಾದರೆ ಆ ಕಾಲು ಉಳಿಯುವುದಿಲ್ಲ ಎಂದು ಮೈಸೂರು ಕಡೆಯ ಡಾಕ್ಟರು ಹೇಳಿದ್ದರು. ಸಾಹೇಬರು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಅಣಕ ಮಾಡುತ್ತ ಆ ಡಾಕ್ಟರನ್ನೇ ಎಳೆದು ತಂದರು. ಕನ್ನಡಕ ಮೂಗಿನ ತುದಿಗೆ, ದನಿ ಹತ್ತಿಯಷ್ಟು ಮೆತ್ತಗೆ:

“ನೋಡಿ ರಾಯರೇ, ಆ ಕಾಲನ್ನ ಮಗು ಥರ ನೋಡ್ಕೋಬೇಕು. ನೀರಲ್ಲಿ ನೆನೆಸ್ಲೇಬಾರ್ದು. ದಿನಾ ಸಂಜೆ ಮನೆಯವ್ರಿಗೆ ಪಾದ ತೋರಿಸ್ಬೇಕು, ಆಯ್ತಾ?”

ದಾವಲಸಾಬರು ನಕ್ಕು, “ಹಂಗಾರ ಕೆರಿ ಬಿಡು,” ಎಂದರು.

“ಕೆರಿ ಬಿಟ್ರ ನನಗ ಉಳಿಯೂದು ಮಾತ್ರಿ ಅಷ್ಟ. ನೀ ಒಂದು ಪ್ಯಾಂಟ್ ಹೊಲಿ. ನೀರು ಒಳಗ ಬರಬಾರದು, ನಡದ್ರ ಸಪ್ಪಳ ಆಗಬಾರದು, ಕುಂತ್ರ ಹರಿಬಾರದು, ದಿನಾನ ಹಾಕ್ಕೊಂಡ್ರೂ ಬ್ಯಾಸರ ಬರಬಾರದು.”

“ಇಷ್ಟೆಲ್ಲಾ ಗುಣಾ ಇದ್ರ ಹೊಲಿದು ಯಾಕ ಕೊಡ್ಲಿ? ನಾನ ಲಗ್ನಾ ಮಾಡ್ಕೋತೀನಿ.”

ನನಗೂ ಮೊದಲು ಇಬ್ಬರು ಬಂದು ಸೋತಿದ್ದರು. ಮುಂಬಯಿಯಿಂದ ತರಿಸಿದ ಮೊಣಕಾಲುದ್ದದ ಬೂಟು ಮೊದಲ ದಿನವೇ ಮೇಲಿನಿಂದ ನೀರು ಕುಡಿದು, ಎರಡು ಕೊಡದಂತೆ ಭಾರವಾಯಿತು. ಮೇಣ ಸವರಿದ ಕ್ಯಾನ್ವಾಸ್ ಚಲ್ಲಣ ಹೆಜ್ಜೆಗೊಮ್ಮೆ ಹಪ್ಪಳದಂತೆ ಮುರಿದು, ಕೆರೆಯ ಹಕ್ಕಿಗಳನ್ನೆಲ್ಲ ಎಬ್ಬಿಸಿತು. ಆದ್ದರಿಂದ ನನ್ನ ಸರದಿಯಲ್ಲಿ ದಾವಲಸಾಬರು ಅಳತೆಯ ಕ್ರಮವನ್ನೇ ಬದಲಿಸಿದರು.

“ನಿಂತು ಅಳತಿ ಕೊಟ್ರ ನಿಂತವಂಗ ಆಗತೈತಿ. ಜೊಂಡಿನಾಗ ನೀ ಹೆಂಗ ಕೂಡ್ರತಿ, ಹಂಗ ಕೂಡ್ರು.”

ಸಾಹೇಬರು ನಡುಬೀದಿಗೆ ಕಾಣುವಂತೆ ಕುಕ್ಕರಗಾಲಲ್ಲಿ ಕುಳಿತು, ಇಲ್ಲದ ಬಂದೂಕನ್ನು ಎತ್ತಿ ಹಿಡಿದು, ಗಂಟಲಿನಿಂದ “ಕ್ವಾಕ್... ಕ್ವಾಕ್-ಕ್ವಾಕ್” ಎಂದು ಕರೆದರು. ಹಾದಿಯಲ್ಲಿ ಹೋಗುತ್ತಿದ್ದ ತರಕಾರಿಯ ಹೆಂಗಸು ಬುಟ್ಟಿ ಹಿಡಿದು ನಿಂತಳು. “ಕೆರಿ ಅತ್ತಾಗೈತ್ರೀ ಸಾಹೇಬ್ರ!”

ಹೀಗೆ ಕುಳಿತವನ ಮೊಣಕಾಲಿಗೆ, ಬಾಗಿದವನ ಬೆನ್ನಿಗೆ ನಾನು ಆಕಾರ ಪಡೆದೆ. ಹೊಲಿಗೆಗಳ ಮೇಲೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ ಪಂಕ್ಚರ್ ಸೊಲ್ಯೂಷನ್ ಬಳಿದರು. ಕೊನೆಗೆ, ಗೆಳೆಯನ ಪಾದಕ್ಕೆ ಸುಖವಿರಲಿ ಎಂದು ಎರಡೂ ಬೂಟಿನೊಳಗೆ ಕರಿ ಕಂಬಳಿಯ ಮೆತ್ತೆ ಕೂಡಿಸಿದರು. ಅದನ್ನು ಯಾರೂ ಕೇಳಿರಲಿಲ್ಲ.

ಆ ಚಳಿಗಾಲ ನನ್ನ ಬಾಳಿನ ಬೆಳಗು. ನಸುಕಿನಲ್ಲಿ ಸೊಂಟದುದ್ದದ ನೀರಿನಲ್ಲಿ ಜೊಂಡಿನ ನಡುವೆ ಕೂರುತ್ತಿದ್ದೆವು. ಹೊರಗೆ ಹೆಪ್ಪುಗಟ್ಟುವ ಚಳಿ, ಒಳಗೆ ಸಾಹೇಬರ ಬೆಚ್ಚನೆಯ ಹತ್ತಿಯ ಪಾಯಿಜಾಮ. ಅವರು ಕರೆಯುತ್ತಿದ್ದರು, ಮೇಲಿನಿಂದ ಉತ್ತರ ಬರುತ್ತಿತ್ತು. ಎಷ್ಟೋ ಸಲ ಮಾತುಕತೆ ಮುಗಿಯುವಷ್ಟರಲ್ಲಿ ಬಂದೂಕು ಮರೆತೇ ಹೋಗುತ್ತಿತ್ತು. ಮರೆಯದ ದಿನ ಒಂದು ಬಾತು ನನ್ನ ಪಟ್ಟಿಗೆ ತೂಗಿಕೊಂಡು ಮನೆಗೆ ಬರುತ್ತಿತ್ತು. ಅದರ ಬಿಸಿ ನನ್ನ ಮಗ್ಗುಲಲ್ಲಿ ದಾರಿಯುದ್ದಕ್ಕೂ ಆರುತ್ತ ಹೋಗುವುದು ನನಗೆ ಗೊತ್ತಾಗುತ್ತಿತ್ತು. ಆಗ ನಾನು ಸುಮ್ಮನಿರುತ್ತಿದ್ದೆ. ಮಾತಾಡಬಲ್ಲೆನೆಂದಲ್ಲ.

ಮನೆಯಲ್ಲಿ ಗೋದಾಬಾಯಿ ಕಾಯುತ್ತಿದ್ದರು. ನಾನು ಬರುವ ಮೊದಲು ಅವರು ದಿನಾ ಸಂಜೆ ಕಿಟಕಿಯ ಬೆಳಕಿನಲ್ಲಿ ಗಂಡನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದು ಸಂದು ಬಿಡಿಸಿ ನೋಡುತ್ತಿದ್ದರಂತೆ. ನಾನು ಬಂದಮೇಲೆ ಅವರ ಭಯವೆಲ್ಲ ನೀರಿನ ಮೇಲೆಯೇ ನೆಟ್ಟಿತು. ಬಾಗಿಲಲ್ಲೇ ನನ್ನ ಬೂಟಿನೊಳಗೆ ಕೈ ಹಾಕಿ, ಒಣಗಿರುವುದನ್ನು ಮುಟ್ಟಿ ನೋಡಿ, “ದೇವ್ರು ದೊಡ್ಡಾವ, ದಾವಲಣ್ಣ ಅವನಕಿಂತ ದೊಡ್ಡಾವ,” ಎನ್ನುತ್ತಿದ್ದರು. ಒಣಗಿದ ಕಾಲನ್ನು ಮತ್ತೇನು ನೋಡುವುದು? ಪಾದದ ತಪಾಸಣೆ ನಾಳೆ, ನಾಡಿದ್ದು ಎಂದು ಸರಿದು ಹೋಯಿತು.

ಚಳಿಗಾಲ ಮುಗಿಯುತ್ತ ಬಂದಾಗ ಎಡಬೂಟಿನ ಕಂಬಳಿ ತುಳಿದು ತುಳಿದು ತೆಳುವಾಗಿತ್ತು. ಹಿಂದೆ ಅದನ್ನು ಬೂಟಿಗೆ ಕೂಡಿಸಿ ಹೊಲಿಯುವಾಗಲೇ ದಾವಲಸಾಬರ ದಬ್ಬಣದ ಮೊನೆ ಮುರಿದಿತ್ತು. ನೆಲವೆಲ್ಲ ತಡಕಿ, ಕಸದೊಡನೆ ಹೋಯಿತೆಂದು ಅವರು ಬಿಟ್ಟಿದ್ದರು. ಅದು ಹೋಗಿರಲಿಲ್ಲ. ಒಂದು ಮುಂಜಾನೆ ಸಾಹೇಬರು ಕೆಸರಿನಲ್ಲಿ ಭಾರ ಊರಿ ಎದ್ದಾಗ ಅದು ಕಂಬಳಿಯಿಂದ ತಲೆಯೆತ್ತಿ ಅಂಗಾಲಿಗೆ ಇಳಿಯಿತು. ನನ್ನ ತಳದಲ್ಲಿ ಏನೋ ಬೆಚ್ಚಗಾಯಿತು. ಅವರು ಕಾಲು ಎಳೆದುಕೊಳ್ಳಲಿಲ್ಲ, ಹುಬ್ಬು ಕೂಡ ಗಂಟಿಕ್ಕಲಿಲ್ಲ. ಅಂದು ಮರಳುವಾಗ ಅಂಗಡಿಯ ಮುಂದೆ ನಿಂತು ಕೂಗಿ ಹೇಳಿದರು:

“ದಾವಲ್ಯಾ, ಏನ್ ಸುಖಾ ಅಂತಿ! ಗಾದಿ ಮ್ಯಾಲೆ ನಡದಂಗ ಆಗತೈತಿ ನೋಡು.”

ದಾವಲಸಾಬರ ಮುಖ ಅರಳಿತು. ಆ ಮಾತು ಕೇಳುತ್ತಿರುವಾಗಲೂ ಮೊನೆ ಒಳಗೇ ಇತ್ತು.

ಮನೆಯಲ್ಲಿ ಗೋದಾಬಾಯಿ ಬೂಟಿಗೆ ಕೈ ಹಾಕಿ, ಕಳಚಿ ಒಳಗೇ ಉಳಿದಿದ್ದ ಕಾಲುಚೀಲ ಮುಟ್ಟಿದರು. “ಕಾಲಚೀಲ ಹಸಿ ಅದಾವಲ್ರೀ?”

“ಬೆವರು,” ಎಂದರು ಸಾಹೇಬರು. ಕಾಲುಚೀಲ ಕಪ್ಪು, ಕಂಬಳಿಯೂ ಕಪ್ಪು. ಯಾರಿಗೂ ಏನೂ ಕಾಣಲಿಲ್ಲ.

ಮುಂದೆ ಎಷ್ಟೋ ಬೆಳಗು ಅದೇ ಜಾಗಕ್ಕೆ ಅದೇ ಮೊನೆ. ಆಮೇಲೆ ನನ್ನೊಳಗೆ ಕೆರೆಯದಲ್ಲದ ಒಂದು ವಾಸನೆ ಹುಟ್ಟಿತು. ಪಾದ ಹಿಗ್ಗಿ ಬೂಟಿನ ಗೋಡೆಗೆ ತಾಗತೊಡಗಿತು. ಜ್ವರ ಬಂದ ದಿನ ನನ್ನನ್ನು ಎಳೆದು ತೆಗೆಯಲು ಇಬ್ಬರು ಬೇಕಾದರು. ಸಾಹೇಬರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ನನ್ನನ್ನು ಹಿತ್ತಲ ಗೂಟಕ್ಕೆ ತೂಗಿದರು. ಅವರು ಹಿಂದಿರುಗಿದಾಗ ಎಡಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು.

“ಬಾತು ಹೊಡ್ಯಾಕ ಹೋದೆ, ಕಾಲ ಬಾತು,” ಎಂದು ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದರು. ಬಂದವರು ನಗಲಾರದೆ ಚಹಾ ಕುಡಿದು ಹೋಗುತ್ತಿದ್ದರು. ಗೋದಾಬಾಯಿ ಹಿತ್ತಲಿಗೆ ಬಂದು, ಪಾತ್ರೆ ತಿಕ್ಕುತ್ತಾ, ಯಾರೂ ಇಲ್ಲವೆಂದುಕೊಂಡು ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. “ಡಾಕ್ಟರ್ ಬಡಕೊಂಡ್ರು, ದಿನಾ ನೋಡು ಅಂತ. ಈ ಕಣ್ಣು ಇದ್ದರೇನು, ಹೋದರೇನು?” ಬೂದಿ ಹತ್ತಿದ ಕೈಯಿಂದಲೇ ಹಣೆ ಬಡಿದುಕೊಳ್ಳುತ್ತಿದ್ದರು. ಊಟ ಬಿಟ್ಟು ಸೊರಗಿದರು. ಗೂಟದ ಮೇಲೆ ನಾನಿದ್ದೆ.

ಮುಂದಿನ ಚಳಿಗಾಲ ಸಮೀಪಿಸಿದಾಗ ಸಾಹೇಬರಿಗೆ ಮತ್ತೆ ಕೆರೆಯ ನೆನಪಾಯಿತು. ಪ್ಯಾಂಟಿನ ಎಡಗಾಲನ್ನು ಮೊಣಕಾಲಿಗೆ ಕತ್ತರಿಸಿ ಮುಚ್ಚಿಬಿಡು, ದಂಡೆಯ ತೆಳುನೀರಿನಲ್ಲಿ ಕುಳಿತು ಹಕ್ಕಿ ಕರೆದರೂ ಸಾಕು ಎಂದು ನನ್ನನ್ನು ದಾವಲಸಾಬರಿಗೆ ಕಳಿಸಿದರು.

ಕತ್ತರಿ ನನ್ನನ್ನು ದಾಟಿದಾಗ ನೋವಾಗಲಿಲ್ಲ. ನನ್ನ ಜಾತಿಗೆ ಅದಿಲ್ಲ. ಕತ್ತರಿಸಿದ ಬೂಟಿನಿಂದ ಕಂಬಳಿಯನ್ನಾದರೂ ಉಳಿಸೋಣವೆಂದು ದಾವಲಸಾಬರು ಕೈ ಹಾಕಿ, “ಯಾ ಅಲ್ಲಾ!” ಎಂದು ಬೆರಳು ಹಿಂದಕ್ಕೆಳೆದರು. ಹೆಬ್ಬೆರಳಲ್ಲಿ ರಕ್ತದ ಹನಿ. ಬಾಗಿಲ ಬೆಳಕಿಗೆ ಕಂಬಳಿಯನ್ನು ಹಿಡಿದು ನೋಡಿದರು. ತಮ್ಮ ದಬ್ಬಣವನ್ನು ತಾವು ಗುರುತಿಸದಿರುತ್ತಾರೆಯೇ? ಆಮೇಲೆ ನನ್ನನ್ನು ಹೆಗಲಿಗೆ ಹಾಕಿಕೊಂಡು, ಮೊನೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಲವಡೆಯವರ ಮನೆಗೆ ನಡೆದರು.

ಗೋದಾಬಾಯಿ ನೀರಿಗೆ ಹೋಗಿದ್ದರು. ಸಾಹೇಬರು ಕರವಸ್ತ್ರ ಬಿಚ್ಚಿ ನೋಡಿ ಮತ್ತೆ ಮಡಿಚಿದರು. ಮುಖದಲ್ಲಿ ಯಾವ ಡಾಕ್ಟರನ ಅಣಕವೂ ಇರಲಿಲ್ಲ.

“ಆಕಿಗೆ ಹೇಳಬ್ಯಾಡ, ದಾವಲ್ಯಾ.”

“ವೈನಿ ತಮ್ಮನ್ನ ತಾವ ತಿನ್ನಾಕತ್ತಾರ.”

“ನನಗೂ ಕಾಣತೈತಿ. ಆದ್ರ ಹೇಳಿದ್ರ ನಿನ್ನ ಈ ಹೊಸ್ತಿಲ ದಾಟಗೊಡೂದಿಲ್ಲ. ಕಾಲಂತೂ ಹೋತು. ನೀನೂ ಹೋದ್ರ ನಾ ಯಾರ ಕೂಡ ಮಾತಾಡ್ಲಿ?”

“ಅವರು ಹೊತ್ತಿದ್ದು ನನ್ನ ಭಾರ, ಯಶವಂತ. ಅವರ ತಲಿ ಮ್ಯಾಲಿಟ್ಟು ನಾ ಇಲ್ಲಿ ಹೆಂಗ ಚಾ ಕುಡೀಲಿ?”

ಗೋದಾಬಾಯಿ ಕೊಡ ಇಳಿಸಿ ಒಳಗೆ ಬಂದರು. ದಾವಲಸಾಬರು ಎದ್ದು ನಿಂತು, ಒಂದೂ ಮಾತು ನುಂಗದೆ ಎಲ್ಲ ಹೇಳಿದರು. ಆಕೆ ಆ ಮೊನೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೆರಳಿನಿಂದ ಒತ್ತಿ ನೋಡಿದರು. ಕಣ್ಣು ತುಂಬಿ ಬಂತು. ಆದರೆ ಕೈ ಹಣೆಯ ಕಡೆಗೆ ಹೋಗಲಿಲ್ಲ.

“ದಾವಲಸಾಬ್ರ,” ಎಂದರು. ಅಲ್ಲಿಯವರೆಗೆ ಅವರು ದಾವಲಣ್ಣನಾಗಿದ್ದರು. “ನೀವು ಹೇಳಿದ್ದು ಚಲೋ ಆತು. ಇನ್ನ ನಮ್ಮನಿಗೆ ಬರಬ್ಯಾಡ್ರಿ.”

ಸಾಹೇಬರು ಹೆಂಡತಿಯ ಮುಖ ನೋಡಿ, ಖಾಲಿ ಕರವಸ್ತ್ರವನ್ನು ಗೆಳೆಯನ ಕೈಗಿಟ್ಟರು. ದಾವಲಸಾಬರು ನನ್ನನ್ನು ಮತ್ತೆ ಹೆಗಲಿಗೇರಿಸಿ, ಬಾಗಿಲ ತನಕ ಹೋಗಿ, ಒಮ್ಮೆ ತಿರುಗಿ ಗೆಳೆಯನನ್ನು ನೋಡಿ, ಇಳಿದು ಹೋದರು. ಗೋದಾಬಾಯಿ ಅಂದಿನಿಂದ ಹೊಟ್ಟೆ ತುಂಬ ಉಣ್ಣತೊಡಗಿದರೆಂದು ತರಕಾರಿಯ ಹೆಂಗಸು ಅಂಗಡಿಗೆ ಬಂದು ಹೇಳಿದಳು. ದಾವಲಸಾಬರು ತಲೆಯೆತ್ತದೆ, “ಒಳ್ಳೇದಾತವ್ವಾ,” ಎಂದು ಮಿಷನ್ ತುಳಿದರು. ಆ ಹೊಲಿಗೆ ಸೊಟ್ಟಗೆ ಹೋಗಿ, ಪೂರ್ತಿ ಬಿಚ್ಚಬೇಕಾಯಿತು.

ನನ್ನ ಎಡಗಾಲನ್ನು ಅವರು ಮುಚ್ಚಿ ಹೊಲಿಯಲೇ ಇಲ್ಲ. ಯಾರಾದರೂ ತೇಪೆಗೆ ರಬ್ಬರ್ ಕೇಳಿದರೆ, “ಅದು ಗಿರಾಕಿ ಮಾಲು,” ಎನ್ನುತ್ತಿದ್ದರು. ಗಿರಾಕಿ ಬರಲಿಲ್ಲ. ಬೇಟೆಯನ್ನು ಸರಕಾರ ನಿಲ್ಲಿಸಿತು. ಮೊದಲು ಸಾಹೇಬರು, ಕೆಲವು ವರ್ಷಕ್ಕೆ ದಾವಲಸಾಬರು ತೀರಿಕೊಂಡರು. ಗೆಳೆಯನ ಮಣ್ಣಿಗೆ ದಾವಲಸಾಬರು ಹೋಗಿದ್ದರು. ಬೀದಿಯ ಆಚೆ ಬದಿಯಲ್ಲೇ ನಿಂತು ಬಂದರಂತೆ.

ಈಗ ಅಂಗಡಿಯಲ್ಲಿ ರೆಡಿಮೇಡ್ ಬಟ್ಟೆ ಮಾರುತ್ತಾರೆ. ನಾನು ಅಟ್ಟದ ಮೂಲೆಯಲ್ಲಿ, ಮುರಿದ ಕುರ್ಚಿಯ ಮೇಲೆ ಬಿದ್ದಿದ್ದೇನೆ. ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ಹನಿಗಳು ನನ್ನ ಮೇಲೆ ಬೀಳುತ್ತವೆ. ಸುತ್ತಲಿನ ಹಳೆಯ ಬಟ್ಟೆಗಳೆಲ್ಲ ನೆನೆದು, ಭಾರವಾಗಿ, ಮೆತ್ತಗಾಗುತ್ತವೆ. ನನ್ನ ಮೇಲೆ ಬಿದ್ದ ಹನಿ ಮಾತ್ರ ಒಂದು ಕ್ಷಣ ನಿಂತು ಜಾರಿ ಹೋಗುತ್ತದೆ. ನೀರನ್ನು ಒಳಗೆ ಬಿಡಬಾರದೆಂದು ನನ್ನನ್ನು ಹೊಲಿದಿದ್ದರು. ಬಿಟ್ಟುಕೊಳ್ಳುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.